ಮರೆಸದ್ದು

ಅಂದು ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲೆ ಒಂದು ಬೇಯುತ್ತಿತ್ತು, ಹಲಗೆಯ ಮೇಲೆ ಇನ್ನೊಂದು ಅರ್ಧ ಅಗಲಕ್ಕೆ ಬಂದಿತ್ತು. ಎದುರಿಗೆ ಮಗಳು ಸುವ್ವಿ ಗೋಡೆಗೆ ಒರಗಿ ಜಡೆ ಹೆಣೆದುಕೊಳ್ಳುತ್ತಿದ್ದಳು. ಒಂದು ಜಡೆ ಮುಗಿದಿತ್ತು. ಇನ್ನೊಂದರ ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅದೇ ಬಾಯಲ್ಲಿ ಶಾಲೆಯ ಯಾವುದೋ ಜಗಳದ ಕತೆ ಹೇಳುತ್ತಿದ್ದಳು. ಪಡಸಾಲೆಯ ಆಚೆ, ಮೂಡಲ ಕೋಣೆಯಲ್ಲಿ, ಹಿಂದಿನ ಸಂಜೆ ಬಂದಿಳಿದ ಹೆಣ್ಣುಮಗಳು ಬಾಗಿಲು ಹಾಕಿಕೊಂಡು ಚಿಲುಮೆ ಹಚ್ಚಿದ್ದಳು. ಭಂಗಿ ಸೊಪ್ಪು ಸುಡುವ ವಾಸನೆ ಬಂದ ಮೇಲೆಯೇ ನಾನು ಹಲಗೆಯ ಮುಂದೆ ಕೂತದ್ದು. ಅದು ನಮ್ಮೂರಿನ ಕ್ರಮ. ಇನ್ನೂ ನಾಲ್ಕು ರೊಟ್ಟಿ ಆಗಿರಲಿಕ್ಕಿಲ್ಲ, ಕೋಣೆಯೊಳಗೆ ಕೂಸು ಅತ್ತಿತು.

ನನ್ನ ಕೈ ನಿಂತಿತು. ನಿಲ್ಲಿಸಿದೆ ಎನ್ನಲಾರೆ, ಅದೇ ನಿಂತಿತು. ಎದ್ದು, ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಹೋಗಿ ತೊಲೆಯ ಕೊಂಡಿಗೆ ಕೈ ಚಾಚಿದೆ. ಅಲ್ಲಿ ಈಗ ತೊಟ್ಟಿಲಿಲ್ಲ, ಉಳ್ಳಾಗಡ್ಡಿ ಬುಟ್ಟಿ ತೂಗಹಾಕಿದ್ದೇವೆ. ತೊಟ್ಟಿಲು ಬಿಚ್ಚಿ ಎಷ್ಟೋ ಕಾಲವಾಯಿತು. ಅದರಲ್ಲಿ ಮಲಗುತ್ತಿದ್ದವಳು ಅಡುಗೆಮನೆಯಲ್ಲಿ ಜಡೆ ಹಿಡಿದು ಕೂತಿದ್ದಾಳೆ, ನಾಲ್ಕನೇ ಇಯತ್ತೆ ಓದುತ್ತಿದ್ದಾಳೆ. ಇದೆಲ್ಲ ನೆನಪಾಗುವಷ್ಟರಲ್ಲಿ ಬುಟ್ಟಿಯನ್ನು ಒಂದು ಸಲ ತೂಗಿಯೂ ಬಿಟ್ಟಿದ್ದೆ. ಒಣಸಿಪ್ಪೆ ತಲೆಯ ಮೇಲೆ ಉದುರಿತು.

ಒಳಗೆ ಅಳು ನಡೆದೇ ಇತ್ತು. ಉದ್ದಕ್ಕೆ ಎಳೆದು, ಕೊನೆಗೆ ಉಸಿರು ಸಾಲದೆ ಬಿಕ್ಕಳಿಕೆಯ ಹಾಗೆ ಎರಡು ಸಲ ಮುಗ್ಗರಿಸಿ, ಮತ್ತೆ ಎಳೆಯುವ ಅಳು. ಲೋಕದಲ್ಲಿ ಎಷ್ಟೋ ಕೂಸುಗಳು ಅಳುತ್ತವೆ. ಆ ಮುಗ್ಗರಿಕೆ ಮಾತ್ರ ಒಂದೇ ಕೂಸಿನದು. ನಾನು ಸದ್ದು ನಿಲ್ಲಿಸಿದ್ದರಿಂದ ಅದು ಮನೆಯೆಲ್ಲ ತುಂಬಿ, ಗೋಡೆಯಾಚೆಗೂ ಹೋಗಿರಬೇಕು. ಪಕ್ಕದ ಮನೆಯ ಲಗಮವ್ವ ತನ್ನ ಒಳಕಲ್ಲಿನಲ್ಲಿ ಗಡಗಡ ಕುಟ್ಟಲು ಶುರು ಮಾಡಿದಳು. ನನ್ನ ಪರವಾಗಿ ಅವಳು ಸದ್ದು ಮಾಡುತ್ತಿದ್ದಾಳೆಂದು ತಿಳಿದು ನಾಚಿಕೆಯಾಯಿತು. ತಿರುಗಿ ಒಳಗೆ ಬಂದೆ. ಸುವ್ವಿ ಕರಕಲಾದ ರೊಟ್ಟಿಯನ್ನು ಹಂಚಿನಿಂದ ಕೈಯಲ್ಲೇ ತೆಗೆದು ಬೆರಳು ಊದಿಕೊಳ್ಳುತ್ತಿದ್ದಳು. ರಿಬ್ಬನ್ನು ಬಾಯಿಂದ ಬಿದ್ದಿತ್ತು. ಅವಳು ನನ್ನ ತಲೆಯ ಮೇಲಿನ ಸಿಪ್ಪೆ ನೋಡಿದಳು, ಮೂಡಲ ಕೋಣೆಯ ಬಾಗಿಲು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. ರೊಟ್ಟಿ ಮೊಸರು ತಿಂದು, ಒಂದೇ ಜಡೆಯಲ್ಲಿ ಶಾಲೆಗೆ ಹೋದಳು.

ಹೊರಗಿನವರಿಗೆ ನಮ್ಮದು ಭಂಗಿಯ ಊರು. ಬಸ್ಸಿನಿಂದ ಇಳಿಯುವವರಲ್ಲಿ ಅರ್ಧ ಜನ ಅದಕ್ಕೇ ಬರುತ್ತಾರೆ. ಇಲ್ಲಿಯ ಗುಡ್ಡದಲ್ಲಿ ಬೆಳೆದ ಸೊಪ್ಪನ್ನು ಇಲ್ಲಿಯೇ ಕೂತು ಸೇದಿದರೆ, ಸೇದಿದವರಿಗೆ ಯಾರು ಬೇಕಾಗಿದ್ದಾರೋ ಅವರ ದನಿ ಆ ಕೋಣೆಯಲ್ಲಿ ಕೇಳುತ್ತದೆ. ಸೇದಿದವರಿಗಷ್ಟೇ ಅಲ್ಲ, ಕಿವಿ ಇದ್ದವರಿಗೆಲ್ಲ. ಊರ ಗಡಿಕಲ್ಲು ದಾಟಿಸಿ ಒಯ್ದರೆ ಅದು ಬರೀ ಹೊಗೆ. ಆದ್ದರಿಂದ ಅತಿಥಿಗಳು ನಮ್ಮಂಥವರ ಮನೆಗಳಲ್ಲಿ ಇಳಿದುಕೊಳ್ಳಬೇಕು, ಪ್ರವಾಸಿ ಕಚೇರಿಯ ಪಾಸು ತೋರಿಸಬೇಕು, ಮೊಹರು ಹಾಕಿದ ಪೊಟ್ಟಣವನ್ನು ನಾವು ಅವರ ಮುಂದೆಯೇ ಒಡೆದು ಕೊಡಬೇಕು. ನಿಯಮಗಳನ್ನೆಲ್ಲ ನೀಲಿ ತಗಡಿನ ಮೇಲೆ ಬರೆಸಿ ಪ್ರತಿ ಮನೆಯ ಬಾಗಿಲಿಗೆ ಹೊಡೆದಿದ್ದಾರೆ. ಮಕ್ಕಳು ಪಡಸಾಲೆ ದಾಟಬಾರದು. ಅತಿಥಿಯ ಕೋಣೆಗೆ ಹೊಗೆ ಆರುವ ತನಕ ಯಾರೂ ಕಾಲಿಡಬಾರದು. ಊರಿನವರು ಸೇದುವಂತಿಲ್ಲ. ಅತಿಥಿ ಸೇದುವಾಗ ಮನೆಯವರು ಸದ್ದು ಮಾಡುತ್ತಿರಬೇಕು, ಒಬ್ಬರ ದನಿ ಇನ್ನೊಬ್ಬರ ಕಿವಿಗೆ ಬೀಳದಂತೆ. ಅದಕ್ಕೆ ಮರೆಸದ್ದು ಎನ್ನುತ್ತೇವೆ. ಅದು ಕೈಯಿಂದಲೇ ಆಗಬೇಕು. ಕೆರೆಯ ಓಣಿಯವರೊಬ್ಬರು ಗಿರಣಿಯ ಸದ್ದನ್ನು ಟೇಪಿನಲ್ಲಿ ತುಂಬಿಸಿ ಹಚ್ಚಿ ಮಲಗಿಬಿಟ್ಟಿದ್ದರು. ಒಂದು ಸುಗ್ಗಿಯ ಕಾಲ ಅವರ ಮನೆಗೆ ಬೀಗ ಬಿತ್ತು. ತಗಡಿನ ಕೊನೆಯ ಸಾಲು ಎಲ್ಲರಿಗೂ ಬಾಯಿಪಾಠ: ಕೇಳಿಸಿದ್ದನ್ನು ಕೇಳಬಾರದು. ಶಾಲೆಯಲ್ಲಿ ಮಕ್ಕಳಿಗೆ ಶುದ್ಧಬರಹಕ್ಕೂ ಅದನ್ನೇ ಕೊಡುತ್ತಾರೆ.

ಹೀಗಾಗಿ ಒಂದೊಂದು ಮನೆಗೆ ಒಂದೊಂದು ಸದ್ದು. ಬಸ್ ಸ್ಟ್ಯಾಂಡಿನ ಹತ್ತಿರದ ಮನೆಯಲ್ಲಿ ಮಗ್ಗ, ಊರ ಅಗಸೆಬಾಗಿಲ ಬಳಿ ಕಂಚಗಾರರ ಸುತ್ತಿಗೆ, ಲಗಮವ್ವನ ಮನೆಯಲ್ಲಿ ಅತಿಥಿಗಳಿಲ್ಲದಿದ್ದರೂ ರೊಟ್ಟಿಗೆ ಹಚ್ಚಿ ತಿನ್ನುವ ಶೇಂಗಾ ಹಿಂಡಿ ಕುಟ್ಟುವ ಒಳಕಲ್ಲು. ನಮ್ಮದು ರೊಟ್ಟಿ. ಅತಿಥಿ ಹೆಚ್ಚು ಹೊತ್ತು ಸೇದಿದರೆ ಹೆಚ್ಚು ರೊಟ್ಟಿ. ನಮ್ಮೂರಿನ ಖಡಕ್ ರೊಟ್ಟಿ ಸುತ್ತಲಿನ ಸಂತೆಗಳಿಗೆಲ್ಲ ಹೋಗುತ್ತದೆ. ಅದನ್ನು ಮುರಿದು ತಿನ್ನುವವರಿಗೆ ಯಾರ ಯಾರ ಹಂಬಲ ಅದರ ಹಿಂದಿದೆಯೋ ಗೊತ್ತಿಲ್ಲ.

ಎಷ್ಟು ಸದ್ದು ಮಾಡಿದರೂ ಅಷ್ಟಿಷ್ಟು ಕೇಳಿಸುತ್ತದೆ. ಒಬ್ಬ ಮುದುಕರು ವರ್ಷಕ್ಕೊಮ್ಮೆ ಬಂದು, ತೀರಿಹೋದ ಹೆಂಡತಿ ತಮ್ಮನ್ನು ಬೈಯುವುದನ್ನು ಕೇಳಿ ಹೋಗುತ್ತಾರೆ. ಕೆಸರುಗಾಲಲ್ಲಿ ಒಳಗೆ ಬಂದದ್ದಕ್ಕೆ ಆಯಮ್ಮ ಬೈಯುತ್ತಾಳೆ. ಮುದುಕರು ಪ್ರತಿ ಸಲ ಒಳಗೆ “ತಪ್ಪಾತು, ತಪ್ಪಾತು” ಎನ್ನುತ್ತಿರುತ್ತಾರೆ. ಇನ್ನೊಬ್ಬನಿಗೆ ಸಾಕಿದ ನಾಯಿ ಬೊಗಳಿ, ಓಣಿಯ ನಾಯಿಗಳೆಲ್ಲ ಉತ್ತರ ಕೊಟ್ಟು ನಮಗೆ ಸಾಕುಸಾಕಾಗಿತ್ತು. ದನಿಗಳು ಹೊಸದೇನೂ ಹೇಳುವುದಿಲ್ಲ. ಎಂದೋ ಹೇಳಿದ್ದನ್ನೇ ಹೇಳುತ್ತವೆ, ಅದೂ ಸೇದಿದವರು ಆಗ ಕಿವಿಯಾರೆ ಕೇಳಿದ್ದಷ್ಟನ್ನೇ. ಬೆಳಿಗ್ಗೆ ನಾವು ಚಹಾ ಕೊಡುತ್ತೇವೆ, ಹಾಸಿಗೆ ಒದರುತ್ತೇವೆ, ಮಳೆ ಬೆಳೆ ಮಾತಾಡುತ್ತೇವೆ.

ಸುವ್ವಿಯನ್ನು ನನ್ನ ಮಡಿಲಿಗೆ ಹಾಕಿದ್ದು ಲಗಮವ್ವ. ಆಗ ಅವಳು ಊರಿಗೆಲ್ಲ ಸೂಲಗಿತ್ತಿ. ಎಲ್ಲಿಂದಲೋ ಬಂದ ಒಬ್ಬ ಹುಡುಗಿ, ಜೊತೆಗೆ ಅವಳ ಸೋದರತ್ತೆ, ಹಳೇ ಬಾವಿಯ ಹತ್ತಿರ ಒಂದು ಮನೆ ಹಿಡಿದಿದ್ದರು. ಯಾರು, ಎತ್ತ ಎಂದು ಕೇಳದ ಊರು ನಮ್ಮದು, ಅದಕ್ಕೇ ಇಲ್ಲಿಗೆ ಬಂದರು. ಹೆರಿಗೆಯಾದ ರಾತ್ರಿಯೇ ಅವರಿಬ್ಬರೂ ಹೊರಟರು. ಕೂಸು ಲಗಮವ್ವನ ತೋಳಿನಲ್ಲಿ ಅಳುತ್ತಾ ನಮ್ಮ ಮನೆಗೆ ಬಂತು. ನಾನು ಮದುವೆಯಾಗಿ ಬಹಳ ವರ್ಷ ಕಳೆದಿದ್ದವು. ಪಡಸಾಲೆಯ ತೊಲೆಗೆ ಕೊಂಡಿ ಇತ್ತು, ತೊಟ್ಟಿಲಿರಲಿಲ್ಲ. ಲಗಮವ್ವ ಪೂರ್ತಿ ಹೇಳುವ ಮೊದಲೇ ನಾನು ಕೈ ಚಾಚಿದ್ದೆ. ಹೆತ್ತವಳನ್ನು ನಾನು ನೋಡಿದವಳಲ್ಲ. ಹೆಸರನ್ನೂ ಕೇಳಿದವಳಲ್ಲ.

ಊರಿಗೆಲ್ಲ ಇದು ಗೊತ್ತು. ಗೊತ್ತಿದ್ದೇ, ಎಲ್ಲರೂ ಸೇರಿ ಮುಚ್ಚಿದರು. ಸಂತೆಯಲ್ಲಿ ಯಾರಾದರೂ ಸುವ್ವಿಯ ಗಲ್ಲ ಹಿಡಿದು ಈಕೆ ಯಾರ ಹಾಗಿದ್ದಾಳೆ ಎಂದರೆ, ಪಕ್ಕದವನು ತಕ್ಕಡಿಯ ತಟ್ಟೆ ಬಡಿಯುತ್ತಾನೆ. ಒಮ್ಮೆ, ಇನ್ನೂ ಚಿಕ್ಕವಳು, ತಾನು ಹುಟ್ಟಿದಾಗ ಮಳೆ ಇತ್ತೇ ಎಂದು ಕೇಳಲು ಹೊರಟಳು. “ನಾ ಹುಟ್ಟಿದಾಗ” ಎನ್ನುವಷ್ಟರಲ್ಲಿ ಲಗಮವ್ವ ತುಂಬಿದ ಕೊಡವನ್ನೇ ಕಟ್ಟೆಯ ಮೇಲಿಂದ ಕೆಡವಿಬಿಟ್ಟಳು. ಕೊಡಕ್ಕೆ ಇನ್ನೂ ಆ ತಗ್ಗು ಇದೆ. ಆಮೇಲೆ ಸುವ್ವಿ ಆ ಮಾತು ಎತ್ತಲಿಲ್ಲ. ಬಾಯಿ ತೆರೆಯುತ್ತಾಳೆ, ಯಾರ ಕೈ ಯಾವ ಪಾತ್ರೆಯತ್ತ ಹೋಗುತ್ತದೆ ಎಂದು ನೋಡುತ್ತಾಳೆ, ಮುಚ್ಚುತ್ತಾಳೆ. ದೊಡ್ಡವಳಾದ ಮೇಲೆ ಹೇಳಿದರಾಯಿತು ಎಂದು ನಾವು ಅಂದುಕೊಂಡಿದ್ದೆವು. ಎಷ್ಟು ದೊಡ್ಡವಳಾದ ಮೇಲೆ ಎಂದು ಯಾರೂ ಗೊತ್ತುಮಾಡಿರಲಿಲ್ಲ.

ಮಧ್ಯಾಹ್ನ ನನ್ನ ಗಂಡ ಮಾನಪ್ಪ ಊಟಕ್ಕೆ ಬಂದರು. ಅವರದು ಆಟೋ, ಬಸ್ ಸ್ಟ್ಯಾಂಡಿನಿಂದ ಅತಿಥಿಗಳನ್ನು ತರುವುದು ಅವರೇ. ನಾನು ಬೆಳಗಿನ ಅಳುವಿನ ಸಂಗತಿ ಹೇಳಿದೆ. ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟರು. ಹಿಂದಿನ ಸಂಜೆ ಆ ಹೆಣ್ಣುಮಗಳು ಆಟೋದಲ್ಲಿ, ಹಳೇ ಬಾವಿಯ ಹತ್ತಿರ ಹುಣಸೆಮರವಿತ್ತಲ್ಲ ಎಂದು ವಿಚಾರಿಸಿದ್ದಳಂತೆ. ಇವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

“ಅಕಿ ಹೋಗೂತನಕಾ ಸುವ್ವಿನ್ನ ನಮ್ಮಕ್ಕನ ಊರಿಗೆ ಕಳಸೂಣು,” ಎಂದರು.

“ಕಳಸಿ?”

“ಕಳಸಿ, ಆಮ್ಯಾಲ ಕರಕೊಂಡು ಬರೂದು.”

“ಆಕಿಗೆ ಕೇಳಿಸೇತ್ರೀ. ನಾ ಬುಟ್ಟಿ ತೂಗಿದ್ದೂ ನೋಡ್ಯಾಳ.”

ಅವರು ಟವೆಲು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಹೆಗಲಿಗೆ ಹಾಕಿಕೊಂಡರು. ಉಣ್ಣದೆ ಎದ್ದರು. ಹೋಗುವಾಗ ಮೂಡಲ ಕೋಣೆಯ ಬಾಗಿಲ ಮುಂದೆ ಬಗ್ಗಿ, ಅಲ್ಲಿ ಬಿಟ್ಟಿದ್ದ ಆಕೆಯ ಚಪ್ಪಲಿಗಳನ್ನು ಬಿಸಿಲಿನಿಂದ ನೆರಳಿಗೆ ಸರಿಸಿಟ್ಟರು. ಯಾಕೆ ಹಾಗೆ ಮಾಡಿದರೋ ಅವರಿಗೂ ಗೊತ್ತಿರಲಿಕ್ಕಿಲ್ಲ.

ಅವರು ಹೋದ ಹಿಂದೆಯೇ ಬಿರಾದಾರ ಸಾಹೇಬರು ಬಂದರು. ಪ್ರವಾಸಿ ಕಚೇರಿಯಿಂದ ಮನೆ ಮನೆ ತಿರುಗಿ ಮರೆಸದ್ದು ತಪಾಸಣೆ ಮಾಡುವವರು. ಸೈಕಲ್ಲಿನ ಹಿಂದೆ ಸದಾ ಒಂದು ಬೀಗ ಕಟ್ಟಿಕೊಂಡಿರುತ್ತಾರೆ. ಓಣಿಯ ತುದಿಯ ಮನೆಯ ಅತಿಥಿಯೊಬ್ಬರು ಕೂಸಿನ ಅಳು ಕೇಳಿಸಿತೆಂದು ದೂರು ಕೊಟ್ಟಿದ್ದರಂತೆ. ಸಾಹೇಬರು ಕಟ್ಟೆಯ ಮೇಲೆ ಕೂತು, ನಾನು ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡ ಮೇಲೆಯೇ ಮಾತು ತೆಗೆದರು.

“ಕಸ್ತೂರೆವ್ವ, ಮುಂಜಾನೆ ನಿನ್ನ ಸದ್ದು ನಡುವ ನಿಂತಿತ್ತಂತಲ್ಲ.”

“ಹಿಟ್ಟು ತೀರಿತ್ರಿ ಸಾಹೇಬ್ರ.”

“ಹಿಟ್ಟು ತೀರಿದ್ರ ಬರೇ ಹಲಗಿ ಬಡೀಬೇಕು. ಹಲಗಿ ಏನು ತೀರೂದಿಲ್ಲಲ್ಲ.”

ನಾನು ನಗಲು ನೋಡಿದೆ, ಆಗಲಿಲ್ಲ. ಅವರೂ ನಗಲಿಲ್ಲ. ಸುವ್ವಿಯ ಹೆಸರಿಡುವ ದಿನ ತೊಟ್ಟಿಲ ಮುಂದೆ ಕೂತು ಉಂಡವರು ಅವರು. ದನಿ ತಗ್ಗಿಸಿ, ಬಸ್ ಸ್ಟ್ಯಾಂಡಿನ ಮಗ್ಗದ ಮನೆಯಲ್ಲಿ ಕೋಣೆ ಖಾಲಿಯಿದೆ ಎಂದೂ, ಏನಾದರೊಂದು ನೆಪ ಹೇಳಿ ಸಂಜೆಯೊಳಗೆ ಆ ಅತಿಥಿಯನ್ನು ಅಲ್ಲಿಗೆ ಸಾಗಿಸುವುದಾಗಿಯೂ, ನಾನು ಹೂಂ ಎಂದರೆ ಸಾಕೆಂದೂ ಹೇಳಿದರು. ಮಗ್ಗದ ಸದ್ದಿನ ಮುಂದೆ ಯಾವ ಕೂಸಿನ ಅಳುವೂ ಕೇಳದು. ಹೂಂ ಎನ್ನುವುದೇ ಸರಿಯಾಗಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: ಬಂದ ಅತಿಥಿಯನ್ನು ನಡುವೆ ಎಬ್ಬಿಸಿ ಕಳಿಸುವುದು ಚೆಂದವಲ್ಲ, ಪಾಸಿನ ಪ್ರಕಾರ ನಾಳೆ ಬೆಳಿಗ್ಗೆ ಇನ್ನೊಂದು ಸಲ ಸೇದಿದರೆ ಮುಗಿಯಿತು, ಇರಲಿ ಬಿಡಿ ಎಂದೆ.

“ಅತಿಥಿ ಸಲುವಾಗಿ ಅಂತೀಯೋ, ನಿನ್ನ ಸಲುವಾಗೋ?”

ನಾನು ಮಜ್ಜಿಗೆಯ ಚರಿಗೆ ಎತ್ತಿಕೊಂಡು ಒಳಗೆ ಹೋದೆ. ಅವರು ಹೊರಗಿನಿಂದಲೇ, ಇನ್ನೊಮ್ಮೆ ನಿಂತರೆ ಬೀಗ ಹಾಕದೆ ತಮಗೆ ಗತಿಯಿಲ್ಲ ಎಂದು ಹೇಳಿ ಸೈಕಲ್ ಹತ್ತಿದರು.

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಊರಿನವರಿಗೆ ಸೊಪ್ಪು ಇಲ್ಲ. ಅತಿಥಿಗಳ ಹಾಸಿಗೆ ಒದರುತ್ತಾ ನಾವೂ ಎಂದಾದರೂ ಒಂದು ದನಿ ಕೇಳಿದ್ದರೆ ಎಂದುಕೊಳ್ಳುತ್ತೇವೆ, ಕಸ ಗುಡಿಸಿ ಹೊರಗೆ ಬರುತ್ತೇವೆ. ನನಗೆ ತೀರಿಹೋದ ಅವ್ವನ ದನಿ ಬೇಕು ಎಂದು ಎಲ್ಲರೂ ಎಣಿಸಿಯಾರು. ಅವ್ವನ ದನಿ ನನ್ನ ಗಂಟಲಲ್ಲೇ ಇದೆ, ಬೈಯುವಾಗ ಹೊರಗೆ ಬರುತ್ತದೆ. ನನಗೆ ಬೇಕಾಗಿದ್ದದ್ದು ತೊಟ್ಟಿಲ ಕೂಸಿನ ದನಿ. ಮಕ್ಕಳು ದಿನಕ್ಕಿಷ್ಟು ಬೆಳೆಯುತ್ತಾರೆ. ಹಳೆಯ ಮಗು ಎಲ್ಲಿ ಹೋಯಿತು ಎಂದು ಯಾರೂ ಅಳುವುದಿಲ್ಲ, ಏಕೆಂದರೆ ಹೊಸದು ಎದುರಿಗೆ ಕೂತು ಊಟ ಕೇಳುತ್ತಿರುತ್ತದೆ. ಅದೇ ಮಗು, ಅದೇ ಕಣ್ಣು. ಆದರೂ ಹೆಗಲಿಗೆ ಹಾಕಿದರೆ ಕುತ್ತಿಗೆಗೆ ಬಾಯಿ ಹಚ್ಚಿ ಬಿಕ್ಕುತ್ತಿದ್ದ ಆ ಒಂದು ಹಿಡಿ ಕೂಸನ್ನು ನಾನು ಇನ್ನೆಂದೂ ಎತ್ತಲಾರೆ. ಅಂದು ಮುಂಜಾನೆ ಅದು ನಮ್ಮ ಮನೆಯಲ್ಲಿತ್ತು. ಇನ್ನೊಬ್ಬಳ ಹೊಗೆಯಲ್ಲಾದರೂ ಸರಿ, ಇತ್ತು. ಇನ್ನೊಮ್ಮೆ ಕೇಳಬೇಕು ಎಂಬ ಆಸೆಗೆ, ಮಗಳು ಕೈತಪ್ಪಬಹುದೆಂಬ ಭಯವೂ ಸೋತಿತ್ತು.

ಸಂಜೆ ಅತಿಥಿಗೆ ಪಡಸಾಲೆಯಲ್ಲಿ ಊಟ ಕೊಟ್ಟೆ. ಹೆಸರು ಪದ್ಮಜಾ ಎಂದು ಹೇಳಿದ್ದಳು. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸವಂತೆ. ತೋರುಬೆರಳಿಗೆ ಸೂಜಿ ಚುಚ್ಚಿದ ಕಲೆಗಳಿದ್ದವು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು. ಹೆರಿಗೆಗೆ ಬಂದಾಗ ಅವಳು ಇನ್ನೂ ಹುಡುಗಿಯಾಗಿದ್ದಳೆಂದು ಲಗಮವ್ವ ಹೇಳಿದ್ದು ನನಗೆ ಆ ಕ್ಷಣ ಅರ್ಥವಾಯಿತು. ಪುಂಡಿಪಲ್ಯವನ್ನು ರುಚಿಯೆಂದು ಕೇಳಿ ಹಾಕಿಸಿಕೊಂಡಳು. ಆಮೇಲೆ, ತನ್ನಿಂದ ತೊಂದರೆಯಾಯಿತೇನೋ ಎಂದು ತಾನಾಗಿಯೇ ಸಂಕೋಚಪಟ್ಟಳು. ಎಲ್ಲರಿಗೂ ಮಾತು ಕೇಳಿಸುತ್ತದಂತೆ, ಹಾಡು ಕೇಳಿಸುತ್ತದಂತೆ, ತನಗೆ ಬರೀ ಅಳು, ಹಾಗಾಗಿ ಮನೆಯವರಿಗೆ ತಲೆನೋವು ಎಂದಳು. ನಾನು ಏನೂ ಕೇಳಲಿಲ್ಲ. ಕೇಳಬಾರದು. ಮೊಸರು ಬಡಿಸಿದೆ.

“ಮಾರಿ ನೆನಪಿಲ್ರೀ ನನಗ,” ಎಂದಳು. “ದೀಪ ಸಣ್ಣ ಮಾಡಿದ್ರು. ನೋಡಿದ್ರ ಬಿಡಾಕ ಆಗೂದಿಲ್ಲ ಅಂತ ನಮ್ಮತ್ತಿ ನನ್ನ ಕಣ್ಣು ಮುಚ್ಚಿ ಹಿಡಿದಿದ್ಲು. ಕಿವಿ ಮುಚ್ಚೂದು ಮರತ್ಲು.”

ಅವಳು ರೊಟ್ಟಿಯ ಒಂದು ಚೂರನ್ನು ಇನ್ನೂ ಸಣ್ಣ ಚೂರು ಮಾಡುತ್ತಾ ಕೂತಳು. ನಾನು ಅಲ್ಲಿಂದ ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

“ನಾ ಹೊಸ್ತಿಲ ದಾಟೂತನಕಾ ಅಳತಿತ್ತು. ಆಮ್ಯಾಲ ಬರೇ ಗಾಡಿ ಸದ್ದು. ಸುಮ್ಮನಾಗಿದ್ದು ನನಗ ಕೇಳೇ ಇಲ್ಲ. ಇವತ್ತೂ ಹಂಗ ಆತು, ಸುಮ್ಮನಾಗೂದ್ರಾಗ ಹೊಗಿ ಮುಗೀತು.”

“ಸುಮ್ಮನಾಗಿರ್ತೈತಿ ಬಿಡ್ರಿ,” ಎಂದೆ. “ಕೂಸುಗೋಳು ಎಷ್ಟೊತ್ತು ಅಳತಾವ.”

“ಯಾರರೆ ಎತ್ತಿಕೊಂಡಿರಬೇಕಲ್ಲ?”

“ಎತ್ತಿಕೊಂಡಿರ್ತಾರ.”

ಅಷ್ಟು ಸಾಕಾದವಳಂತೆ ಅವಳು ತಲೆಯಾಡಿಸಿ ಉಣ್ಣತೊಡಗಿದಳು. ಲಗಮವ್ವನ ತೋಳಿನಿಂದ ನನ್ನ ಹೆಗಲಿಗೆ ಬಂದ ಮೇಲೆ ಕೂಸು ಇನ್ನೆರಡು ಸಲ ಬಿಕ್ಕಿ, ನನ್ನ ಸೆರಗು ಚೀಪುತ್ತಾ ಸುಮ್ಮನಾಗಿತ್ತು. ಇಷ್ಟು ವರ್ಷ ಅದು ನನ್ನೊಳಗಿನ ದೊಡ್ಡ ಸುಖವಾಗಿತ್ತು. ಅಳು ಅವಳ ಪಾಲಿಗೆ, ಸುಮ್ಮನಾದದ್ದು ನನ್ನ ಪಾಲಿಗೆ ಬಂದಿತ್ತೆಂದು ಆಗ ಹೊಳೆಯಿತು. ಅರ್ಧ ಅವಳಿಗೆ ಕೊಡಬಹುದಿತ್ತು. ಒಂದು ಮಾತು ಸಾಕಿತ್ತು. ಆ ಒಂದು ಮಾತಿನ ಹಿಂದೆ ಇನ್ನೇನು ಬರುವುದೋ ಎಂದು ಪಲ್ಯದ ಪಾತ್ರೆ ಗಟ್ಟಿಯಾಗಿ ಹಿಡಿದುಕೊಂಡೆ. ತಿರುಗಿ ನೋಡಿದರೆ ಬಾಗಿಲಲ್ಲಿ ಸುವ್ವಿ, ಕೈಯಲ್ಲಿ ನೀರಿನ ತಂಬಿಗೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ತಂಬಿಗೆಯ ತಣ್ಣೀರಿಗೆ ಅವಳ ಬೆರಳು ಬೆಳ್ಳಗಾಗಿದ್ದವು.

ಪದ್ಮಜಾ ಅವಳ ಹೆಸರು ಕೇಳಿದಳು. ಸುವರ್ಣಾ, ಎಲ್ಲರೂ ಸುವ್ವಿ ಅಂತಾರೆ ಎಂದು ಮಗಳು ಹೇಳಿದಳು. ಹೆಸರು ಚೆಂದವಿದೆ ಎಂದ ಆಕೆ, ಸೊಪ್ಪಿನ ಸುದ್ದಿ ಮಕ್ಕಳ ಮುಂದೆ ಬೇಡವೆಂದೋ ಏನೋ, ಸುವ್ವಿಯ ಸಮವಸ್ತ್ರದ ಮಾತು ತೆಗೆದಳು. ತೋಳಿನ ಹೊಲಿಗೆ ಬಿಟ್ಟಿತ್ತು. ತನ್ನ ಚೀಲದಿಂದ ಸೂಜಿದಾರ ತೆಗೆದು, ಮೈಮೇಲಿದ್ದಂತೆಯೇ ನಾಲ್ಕು ಹೊಲಿಗೆ ಹಾಕಿ ಹಲ್ಲಿನಿಂದ ದಾರ ಕಡಿದಳು. ಸುವ್ವಿ ಆಕೆಯ ಬಗ್ಗಿದ ತಲೆಯನ್ನೇ ನೋಡುತ್ತಾ ನಿಂತಿದ್ದಳು. ನನಗೆ ನೋಡಲಾಗಲಿಲ್ಲ. ನೋಡದೆಯೂ ಇರಲಾಗಲಿಲ್ಲ.

ಮರುದಿನ ಬೆಳಿಗ್ಗೆ ಪೊಟ್ಟಣ ಒಡೆದು ಕೊಟ್ಟು, ಬಾಗಿಲು ಎಳೆದು, ಹಲಗೆಯ ಮುಂದೆ ಕೂತೆ. ಸುವ್ವಿಗೆ ಲಗಮವ್ವನ ಮನೆಗೆ ಹೋಗಲು ಹೇಳಿದೆ. ಹೋಗಲಿಲ್ಲ. ಇವತ್ತು ತಾನು ಹಿಟ್ಟಿನ ಉಂಡೆ ಮಾಡಿಕೊಡುತ್ತೇನೆ ಎಂದು ಎದುರಿಗೆ ಕೂತಳು. ಮೊದಲ ಉಂಡೆ ಹಲಗೆಯ ಮೇಲಿಟ್ಟು ಬಡಿಯಲು ಶುರು ಮಾಡಿದೆ. ಸಾಹೇಬರ ಬೀಗ ನೆನಪಿತ್ತು, ಜೋರಾಗಿಯೇ ಬಡಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅದು ಬಂತು. ಬಡಿತ ಬಡಿತದ ನಡುವಿನ ಸಂದಿಯಲ್ಲಿ ತುಂಡು ತುಂಡಾಗಿ ಬಂತು. ಎಳೆಯಿತು, ಮುಗ್ಗರಿಸಿತು. ನನ್ನ ಕೈ ತಾನಾಗಿ ಸಾವಕಾಶವಾಯಿತು, ಸಂದಿ ಅಗಲವಾಯಿತು. ಮತ್ತೆ ಜೋರು ಮಾಡಿದೆ. ಮತ್ತೆ ಸಾವಕಾಶ. ರೊಟ್ಟಿ ಎಲ್ಲೆಲ್ಲೋ ಹರಿದು ಅಂಚು ಹಲ್ಲು ಹಲ್ಲಾಯಿತು. ಆಗ ಸುವ್ವಿ ಹಿಟ್ಟಿನ ಕೈಯನ್ನು ಚಾಚಿ ನನ್ನ ಅಂಗೈಯ ಮೇಲಿಟ್ಟಳು. ಒತ್ತಲಿಲ್ಲ. ಇಟ್ಟಳು ಅಷ್ಟೇ. ನನ್ನ ಕೈ ಅದರ ಕೆಳಗೆ ನಿಂತುಬಿಟ್ಟಿತು.

ಹಾಗೆ ತಾಯಿ ಮಗಳು ಇಬ್ಬರೂ ಹಲಗೆಯ ಮೇಲೆ ಕೈಯಿಟ್ಟುಕೊಂಡು ಕೇಳಿದೆವು. ಅವಳು ಕಣ್ಣು ಮುಚ್ಚಿದ್ದಳು. ಅಳು ಮುಗ್ಗರಿಸುವ ಕಡೆ ಅವಳ ಗಂಟಲೂ ಸಣ್ಣಗೆ ಅಲುಗುತ್ತಿತ್ತು. ಜ್ವರ ಬಂದಾಗ, ಬಿದ್ದು ಮೊಣಕಾಲು ಕೆತ್ತಿಕೊಂಡಾಗ ಇಂದಿಗೂ ಅವಳು ಹಾಗೆಯೇ ಬಿಕ್ಕುವುದು. ಲಗಮವ್ವನ ಒಳಕಲ್ಲು ಶುರುವಾಗುವುದರೊಳಗೆ ಎಲ್ಲವೂ ಸ್ಪಷ್ಟವಾಗಿ ಕೇಳಿತು. ಆಮೇಲೆ ಅಳು ನಡುವಿನಲ್ಲೇ ತುಂಡಾಯಿತು. ಹೊಗೆ ಮುಗಿದಿರಬೇಕು. ಅದರ ಹಿಂದೆ ದೊಡ್ಡವಳೊಬ್ಬಳು ಬಾಯಿಗೆ ಬಟ್ಟೆ ಹಿಡಿದು ಅಳುವ ಸದ್ದು. ನಾನು ಕೈ ಬಿಡಿಸಿಕೊಂಡು ಮತ್ತೆ ಬಡಿಯತೊಡಗಿದೆ. ಉಂಡೆಗಳು ತೀರಿದವು. ಬರೀ ಹಲಗೆ ಬಡಿದೆ.

ಬಿಸಿಲು ಅಂಗಳಕ್ಕೆ ಬಂದಾಗ ಪದ್ಮಜಾ ಚೀಲ ಹಿಡಿದು ಹೊರಗೆ ಬಂದಳು. ಮುಖ ತೊಳೆದುಕೊಂಡಿದ್ದಳು. ಅವಳಿಗೆಂದು ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಬಟ್ಟೆಯಲ್ಲಿ ಕಟ್ಟಿಟ್ಟಿದ್ದೆ. ಮಾನಪ್ಪ ಆಟೋವನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದರು. ಲಗಮವ್ವ ಮೋಟುಗೋಡೆಯಾಚೆ ಒಳಕಲ್ಲಿನ ಮುಂದೆ ಕೂತು, ಕುಟ್ಟುವುದೇನೂ ಇಲ್ಲದಿದ್ದರೂ ಹಾರೆ ಹಿಡಿದು ಇತ್ತಲೇ ನೋಡುತ್ತಿದ್ದಳು. ಬಿರಾದಾರ ಸಾಹೇಬರೂ ಬಂದಿದ್ದರು, ಕೈಯಲ್ಲಿ ಬೀಗ. ಸದ್ದು ಇಂದೂ ನಿಂತ ಸುದ್ದಿ ಆಗಲೇ ಮುಟ್ಟಿತ್ತು. ಅತಿಥಿಯ ಎದುರಿಗೆ ಬೀಗ ಹಾಕುವುದು ಸರಿಯಲ್ಲವೆಂದು, ಅವಳು ಹೋಗಲಿ ಎಂದು ಕಾಯುತ್ತಾ ಬಾಗಿಲ ಚಿಲಕವನ್ನು ಸುಮ್ಮನೆ ಪರೀಕ್ಷಿಸುತ್ತಿದ್ದರು.

ಪದ್ಮಜಾ ಗಂಟು ತೆಗೆದುಕೊಂಡು ನನ್ನ ಕೈ ಹಿಡಿದಳು. ಮತ್ತೆ ಬರುವುದಿಲ್ಲ ಎಂದಳು. ಸುಮ್ಮನಾಗುವುದು ಕೇಳೀತೇನೋ ಎಂದು ಬಂದಿದ್ದೆ, ಅದು ನನ್ನ ಹತ್ತಿರ ಇಲ್ಲ, ಇಲ್ಲದ್ದನ್ನು ಸೊಪ್ಪಾದರೂ ಎಲ್ಲಿಂದ ತರಬೇಕು ಎಂದಳು. ಹಾಗೆ ಹೇಳುವಾಗ ನಕ್ಕಳು. ಆ ನಗುವಿಗೆ ಏನಾದರೂ ಕೊಡಬೇಕೆಂದು ನನ್ನ ನಾಲಿಗೆ ತುದಿಗೆ ಎಲ್ಲವೂ ಬಂತು, ಅಲ್ಲಿಯೇ ನಿಂತಿತು. ಅವಳು ಒಂದು ಕಾಲು ಹೊಸ್ತಿಲಾಚೆ ಇಟ್ಟಳು.

ಸುವ್ವಿ ಪಡಸಾಲೆಯಿಂದ ಅಂಗಳಕ್ಕಿಳಿದು ನಮ್ಮಿಬ್ಬರ ನಡುವೆ ಬಂದು ನಿಂತಳು. ಇಂದು ಎರಡೂ ಜಡೆ ನೆಟ್ಟಗಿದ್ದವು. ನನ್ನ ಮುಖ ನೋಡಿ ಬಾಯಿ ತೆರೆದಳು. ಅಷ್ಟೇ ಸಾಕಾಯಿತು. ಲಗಮವ್ವ ಬರಿಯ ಒಳಕಲ್ಲಿಗೆ ಹಾರೆ ಎತ್ತಿ ಹಾಕಿದಳು. ಮಾನಪ್ಪ ಆಟೋದ ಹಿಡಿಕೆ ತಿರುವಿ ತಿರುವಿ ಗುರುಗುಟ್ಟಿಸಿದರು. ಸಾಹೇಬರು ಬೀಗವನ್ನು ಚಿಲಕಕ್ಕೆ ಬಡಿದರು. ಆ ಸದ್ದು ಕೇಳಿ, ಕಾರಣ ತಿಳಿಯದೆಯೂ, ಓಣಿಯ ಆ ತುದಿಯಲ್ಲಿ ಯಾರೋ ತಗಡು ಬಡಿಯತೊಡಗಿದರು. ಕೆಟ್ಟವರು ಯಾರೂ ಇರಲಿಲ್ಲ ಅಲ್ಲಿ. ಎಲ್ಲರೂ ನನ್ನ ಮಗಳನ್ನು ಕಾಯುತ್ತಿದ್ದರು, ನನ್ನನ್ನೂ.

ಸುವ್ವಿ ಬಾಯಿ ಮುಚ್ಚಲಿಲ್ಲ. ಯಾವ ಪಾತ್ರೆಯತ್ತಲೂ ನೋಡಲಿಲ್ಲ. ಸದ್ದು ಮುಗಿಯಲಿ ಎಂದು, ಮಳೆ ನಿಲ್ಲಲಿ ಎಂದು ಸೂರಿನ ಕೆಳಗೆ ನಿಂತವರ ಹಾಗೆ, ನನ್ನನ್ನೇ ನೋಡುತ್ತಾ ಕಾದಳು. ಅವಳು ಎಷ್ಟು ಸಲ ಹೀಗೆ ಕಾದಿದ್ದಾಳೋ, ನಾವು ಎಷ್ಟು ಸಲ ಮುಗಿಯಗೊಡಲಿಲ್ಲವೋ. ನನ್ನ ಎದೆಯಲ್ಲಿ ಬೇಡ ಬೇಡ ಎನ್ನುತ್ತಿದ್ದ ಒಂದು ದನಿಯೂ ಇತ್ತು. ಅದು ಮರೆಸದ್ದಿಗಿಂತ ಜೋರಾಗಿತ್ತು. ಆದರೂ ಹಿಟ್ಟು ಒಣಗಿದ ಕೈಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ.

ಮೊದಲು ಬೀಗ ನಿಂತಿತು. ಆಮೇಲೆ ಒಳಕಲ್ಲು. ಮಾನಪ್ಪ ನನ್ನನ್ನು ನೋಡಿದರು, ನಾನು ತಲೆಯಾಡಿಸಿದೆ, ಅವರು ಆಟೋ ಬಂದ್ ಮಾಡಿದರು. ದೂರದ ತಗಡು ಇನ್ನೆರಡು ಏಟು ಬಡಿದು, ತಾನೊಂದೇ ಎಂದು ತಿಳಿದು ಸುಮ್ಮನಾಯಿತು. ಹೊಸ್ತಿಲಲ್ಲಿ ಪದ್ಮಜಾ, ಏನಾಯಿತೆಂದು ತಿಳಿಯದೆ, ರೊಟ್ಟಿಯ ಗಂಟನ್ನು ಎದೆಗೊತ್ತಿಕೊಂಡು ಈ ಕಡೆ ತಿರುಗಿದಳು. ನಮ್ಮೂರು ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

“ಅವ್ವಾ,” ಎಂದಳು ಸುವ್ವಿ, “ಆ ಕೋಣ್ಯಾಗ ಅಳಾಕತ್ತಿದ್ದ ಕೂಸು ನಾನೇನು?”